ಇನ್ನೊಂದು ವ್ಯಾಖ್ಯಾನ ನೋಡಿ ಹೇಳ್ತೀನಿ

ಗುಬ್ಬಿಯ ನಿವೃತ್ತ ಮೇಷ್ಟ್ರು ಜ್ಞಾನಪ್ರಕಾಶಪ್ಪ ಬೆಳಗಿನ ಕಾಫಿಗೂ ಮುಂಚೆ ಬೈಬಲ್ ತೆರೆಯುತ್ತಾರೆ. ಒಂದು ವಚನ ಹಿಡಿದರೆ ವಾರವಾದರೂ ಬಿಡುವುದಿಲ್ಲ. ಅದರ ನಾಲ್ಕು ವ್ಯಾಖ್ಯಾನಗಳನ್ನು ಮೇಜಿನ ಮೇಲೆ ಹರಡಿ, ಪಂಚಾಯ್ತಿ ಸೇರಿಸಿದಂತೆ ಅವನ್ನು ಬರೆದವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾರೆ. ಒಂದೇ ಸುವಾರ್ತೆಯಲ್ಲಿ ಹನ್ನೊಂದು ವರ್ಷ ಕಳೆದಿದೆ. “ಏನ್ರೀ, ಕರ್ತರು ಶಿಲುಬೆ ಹತ್ರ ಬರೋ ಹೊತ್ಗೆ ನಾವಿಬ್ರೂ ಮಣ್ಣಾಗಿರ್ತೀವಿ” ಎಂದು ಹೆಂಡತಿ ಸುಗುಣಮ್ಮ ಚುಚ್ಚುತ್ತಾರೆ. ಉಪ್ಪಿಟ್ಟಿಗೆ ಉಪ್ಪು ಸಾಕಾ ಎಂದು ಕೇಳಿದರೂ ಮೇಷ್ಟ್ರದು ಒಂದೇ ಮಾತು: “ಇನ್ನೊಂದು ವ್ಯಾಖ್ಯಾನ ನೋಡಿ ಹೇಳ್ತೀನಿ.” ಈ ವಾರದ ವಚನ, ನೆರೆಯವರನ್ನು ಪ್ರೀತಿಸಬೇಕೆನ್ನುವುದು. ಅದೇ ವಾರ ಎದುರುಮನೆಯ ರಹಿಮಾ ಬೀ ಅರ್ಜಿ ಹಿಡಿದು ಬಂದರು. ಬಸ್ ನಿಲ್ದಾಣದ ಬಳಿಯಿರುವ ಅವರ ಹಣ್ಣಿನ ಗಾಡಿಯನ್ನು ಪಟ್ಟಣ ಪಂಚಾಯ್ತಿಯವರು ಸೋಮವಾರ ಎತ್ತಿಸುತ್ತಾರಂತೆ; ಅದು ಬೇಡವೆಂದು ಈ ಅರ್ಜಿ. ಮನೆ ನಡೆಯುವುದೇ ಅದರಿಂದ. “ಮೇಷ್ಟ್ರೇ, ಮೊದ್ಲು ನೀವ್ ಸಹಿ ಹಾಕಿ. ನೀವ್ ಹಾಕಿದ್ರೆ ಬೀದಿಯೆಲ್ಲ ಹಾಕ್ತದೆ.” ಆ ಅರ್ಜಿ ಮೂರು ದಿನದಿಂದ ಎರಡನೇ ವ್ಯಾಖ್ಯಾನದೊಳಗೆ ಪುಟದ ಗುರುತಾಗಿ ಕೂತಿದೆ. ಪುಕ್ಕಲ ಅನ್ನಬೇಡಿ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಕೂಲಿಕಾರರ ಅರ್ಜಿಯೊಂದಕ್ಕೆ ಯಾರನ್ನೂ ಕೇಳದೆ ಮೊದಲ ಸಹಿ ಹಾಕಿ, ಎರಡು ದಿನ ಠಾಣೆಯಲ್ಲಿ ಕೂತವರು ಇವರು. ಹಿಂದೆಯೇ ಹಾಕುತ್ತೇವೆಂದವರು ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಬೆನ್ನಿಗೆ ನಾಲ್ಕು ಜನ ಇಲ್ಲದೆ ಮೇಷ್ಟ್ರು ಯಾವುದಕ್ಕೂ ಹೌದು ಎಂದಿಲ್ಲ. ಆ ನಾಲ್ವರು ಪುಸ್ತಕದೊಳಗಿನವರಾದರೂ ಸರಿಯೇ. ಈಗ ಮೇಷ್ಟ್ರು ಹಾಕಲಿ ಎಂದು ಬೀದಿ ಕಾಯುತ್ತಿದೆ, ಬೀದಿ ಬರಲಿ ಎಂದು ಮೇಷ್ಟ್ರು ಕಾಯುತ್ತಿದ್ದಾರೆ. ನಡುವೆ ನಿಂತು ನೋಡುತ್ತಿರುವ ನೀವು ಪೆನ್ನು ತೆಗೆಯಿರಿ, ಆ ಕಾಗದದ ಮೇಲೆ ನಿಮ್ಮ ಹೆಸರು ಬರೆಯಿರಿ.