ಕೊನೆಯ ಹಾಡಿನ ಮನುಷ್ಯ

ಆ ಸಿಡಿ ನನಗೆ ಸಿಕ್ಕಿದ್ದು ಬಾಡಿಗೆಗಿದ್ದ ಹುಡುಗಿ ಬಿಟ್ಟುಹೋದ ರಟ್ಟಿನ ಪೆಟ್ಟಿಗೆಯಲ್ಲಿ. ಗೂಡಲೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ತರಕಾರಿ ಅಂಗಡಿ. ಮೇಲಿನ ಕೋಣೆಯಲ್ಲಿ ಮೈಸೂರಿನ ಆ ಹುಡುಗಿ ಒಂದು ವರ್ಷವಿದ್ದಳು. ಬೆಳಿಗ್ಗೆ ಬಸ್ಸು ಹತ್ತಿ ತೆಪ್ಪಕಾಡಿಗೆ ಹೋಗಿ ರಣಹದ್ದುಗಳನ್ನು ನೋಡಿಕೊಂಡು ಬರುವುದೇ ಅವಳ ಓದು. ಅಂಥ ಓದೂ ಒಂದಿದೆ ಎಂದು ನನಗೆ ಅವಳಿಂದಲೇ ತಿಳಿದದ್ದು. ಒಂದು ದಿನ ಗಡಿಬಿಡಿಯಲ್ಲಿ ಕೋಣೆ ಖಾಲಿ ಮಾಡಿದಳು. "ಆಂಟಿ, ಈ ಬಾಕ್ಸ್ ಒಂದು ಇಟ್ಕೊಂಡಿರಿ, ಬಂದು ತಗೊಂಡೋಗ್ತೀನಿ" ಅಂದಳು. ಹೀಗೆ ಹೇಳಿ ಹೋದವರು ಬಂದದ್ದನ್ನು ನಾನು ಕಂಡಿರಲಿಲ್ಲ. ಆದರೂ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಇಟ್ಟುಕೊಂಡೆ.

ನಮ್ಮ ಅಂಗಡಿ ಎಂದೆ, ಬಾಯಿಗೆ ಹಾಗೇ ಅಭ್ಯಾಸವಾಗಿಬಿಟ್ಟಿದೆ. ಅಪ್ಪ ಗುಂಡ್ಲುಪೇಟೆಯಿಂದ ಬಂದು ಹಾಕಿದ ಅಂಗಡಿಯನ್ನು ಅವರ ನಂತರ ನಡೆಸಿದವರು ಅಕ್ಕ ಮತ್ತು ನಾನು. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕ ಮಾತಾಡುವವಳು, ನಾನು ತೂಗುವವಳು. ಗಿರಾಕಿಯ ಜೊತೆ ತಮಿಳು, ಮಲೆಯಾಳ, ಕನ್ನಡ ಯಾವುದು ಬೇಕೋ ಅದರಲ್ಲಿ ನಕ್ಕು ಮಾತಾಡುತ್ತಿದ್ದಳು. ನನಗೂ ಮೂರೂ ಬರುತ್ತವೆ, ಆದರೆ ಮೂರರಲ್ಲೂ ನಾನು ಸಿಡುಕಿ. ನಂಜನಾಡಿನಿಂದ ಪಿಕಪ್ ಬಂದು ಕ್ಯಾರೆಟ್ಟು, ಕೋಸು ಇಳಿಸಿದ ತಕ್ಷಣ ಅಕ್ಕ ನಿನ್ನೆಯದನ್ನೆಲ್ಲ ಮುಂದಕ್ಕೆ ಜರುಗಿಸಿ, ಹೊಸದನ್ನು ಹಿಂದೆ ಜೋಡಿಸುತ್ತಿದ್ದಳು. ಹಳೆಯ ಸರಕು ಮೊದಲು ಹೋಗಬೇಕು. ಅಕ್ಕ ತೀರಿಕೊಂಡ ಮೇಲೂ ನಾನು ಅದನ್ನು ತಪ್ಪಿಸಿಲ್ಲ.

ಅಕ್ಕ ಹೋದದ್ದು ಹಿಂದಿನ ವರ್ಷದ ಮಳೆಗಾಲದಲ್ಲಿ. ಆಗಿನಿಂದ ಪ್ರತಿ ಭಾನುವಾರ ಗುಂಡ್ಲುಪೇಟೆಯಿಂದ ತಮ್ಮನ ಫೋನು.

"ಚಿಕ್ಕಕ್ಕಾ, ಸಾಕು ಕಣೆ, ಅಂಗಡಿ ಮುಚ್ಚಿ ಬಂದ್ಬುಡು. ಒಬ್ಳೇ ಏನ್ ಮಾಡ್ತೀಯ ಅಲ್ಲಿ?"

"ನಂಗೇನಾಗದೆ? ಗುಂಡ್ಕಲ್ಲಂಗಿವ್ನಿ."

"ನಾನಾದ್ರೂ ಬಂದು ನಾಕು ದಿನ ಇರ್ಲಾ?"

"ಬರೋದೇನೂ ಬ್ಯಾಡ. ನಿನ್ ಕೆಲ್ಸ ನೋಡ್ಕೋ."

ಹೇಳುತ್ತಿದ್ದದ್ದು ಸುಳ್ಳು. ಸಂಜೆ ಶಟರ್ ಎಳೆದರೆ ಮರುದಿನ ಅದನ್ನು ಎತ್ತುವವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಒಂದು ಸಂಜೆ ಅನ್ನ ಬಡಿಸಿಕೊಂಡು "ಉಪ್ಪು ಸಾಕಾ?" ಎಂದು ಜೋರಾಗಿ ಕೇಳಿಬಿಟ್ಟೆ. ಕೇಳಿದ್ದು ಯಾರನ್ನು? ತಟ್ಟೆ ಪಕ್ಕಕ್ಕಿಟ್ಟು ಅತ್ತೆ. ಆದರೆ ಇದನ್ನು ತಮ್ಮನಿಗೆ ಹೇಳುವುದೆಂದರೆ ನನಗೆ ಪ್ರಾಣ ಹೋದಂತೆ. ಅಕ್ಕ ಇಲ್ಲದೆ ಇವಳ ಕೈಲಾಗುವುದಿಲ್ಲ ಎಂದು ಊರೆಲ್ಲ ಅಂದುಕೊಂಡಿತ್ತು. ಅದನ್ನು ನನ್ನ ಬಾಯಿಂದಲೇ ಒಪ್ಪಿಕೊಳ್ಳಬೇಕೆ?

ಈ ಜೂನಿನಲ್ಲಿ ಗೋಡೆಯೆಲ್ಲ ಬೂಷ್ಟು ಹಿಡಿದಾಗ, ಹುಡುಗಿಯ ಪೆಟ್ಟಿಗೆಯೂ ಹಾಳಾದೀತೆಂದು ತೆರೆದೆ. ಪುಸ್ತಕ, ಹರಿದ ರೇನ್‌ಕೋಟು, ಅವುಗಳ ಕೆಳಗೆ ಕವರಿಲ್ಲದ ಒಂದು ಸಿಡಿ. ಅದರ ಮೇಲೆ ಕಾಲು ಮೂಡಿ ನಡೆಯುತ್ತಿರುವ ಒಂದು ಫ್ರಿಜ್ಜಿನ ಚಿತ್ರ. ಅಂಚಿನಲ್ಲಿ ಎರಡು ಇಸವಿ, ನಡುವೆ ಅಡ್ಡಗೆರೆ, ಗೋರಿಕಲ್ಲಿನ ಮೇಲೆ ಬರೆಯುವ ಹಾಗೆ. ಅಕ್ಕ ದೇವರನಾಮ ಕೇಳುತ್ತಿದ್ದ ಪ್ಲೇಯರು ಮೂಲೆಯಲ್ಲಿತ್ತು. ಧೂಳು ಒರೆಸಿ ಹಾಕಿದೆ.

ಅಯ್ಯೋ, ಅದೇನು ಗಲಾಟೆ! ಡ್ರಮ್ಮು, ಗಿಟಾರು, ತುತ್ತೂರಿ, ನಮ್ಮ ಹಾರ್ಮೋನಿಯಂ ಥರದ್ದು ಒಂದು. ಒಬ್ಬ ಗಂಡಸು ಮೂಗಿನಲ್ಲಿ ಹಾಡುತ್ತಾನೆ, ಒಬ್ಬಳು ಹೆಂಗಸು ಅವನ ಮಾತಿಗೆ ಅಡ್ಡಡ್ಡ ಬಾಯಿ ಹಾಕುತ್ತಾಳೆ. ಒಂದು ಹಾಡಿನ ನಡುವೆ ಕರೆಗಂಟೆ ಬಾರಿಸುತ್ತದೆ. ನಾನು ಎದ್ದು ಬಾಗಿಲು ತೆಗೆದು ನೋಡಿ ಪೆಚ್ಚಾದೆ. ಇನ್ನೊಂದು ಹಾಡು ಪೂರ್ತಿ ಬ್ರೆಡ್ಡಿನ ಬಗ್ಗೆ. ನನ್ನ ಹರಕು ಮುರುಕು ಇಂಗ್ಲಿಷಿಗೂ ಅಷ್ಟು ಗೊತ್ತಾಯಿತು. ಇಷ್ಟು ವಾದ್ಯ ಇಟ್ಟುಕೊಂಡು ಬ್ರೆಡ್ಡಿನ ಮೇಲೆ ಹಾಡುವವರಿಗೆ ಏನು ಹೇಳುವುದು? ಎದುರಿನ ಟೀ ಅಂಗಡಿಯವನು ತಲೆ ಹಾಕಿ "ಚೇಚೀ, ಇದೆಂದ್ ಪಾಟ್ಟಾ?" ಎಂದು ಹಲ್ಲು ಕಿರಿದ, ಇದೆಂಥ ಹಾಡು ಅಂತ. ನಿನಗೆ ಬೇಡದಿದ್ದರೆ ಕಿವಿ ಮುಚ್ಚಿಕೋ ಎಂದು ಗದರಿದೆ. ಆಗಲೇ ನಾನು ಅವರ ಪಕ್ಷ ಸೇರಿಯಾಗಿತ್ತು.

ದಿನಾ ಕೇಳಿದೆ. ಕೇಳುತ್ತ ಕೇಳುತ್ತ ಒಂದು ವಿಷಯ ಗಮನಕ್ಕೆ ಬಂತು. ಹಾಡುಗಳು ಮುಂದೆ ಹೋದಂತೆ ಜನ ಕಡಿಮೆಯಾಗುತ್ತಿದ್ದರು. ಅರ್ಧ ದಾರಿಯಲ್ಲಿ ಹೆಂಗಸಿನ ದನಿ ನಿಂತಿತು. ಆಮೇಲೆ ತುತ್ತೂರಿ ಇಲ್ಲ, ಆಮೇಲೆ ಡ್ರಮ್ಮಿನವನೂ ಇಲ್ಲ. ಅವನ ಜಾಗದಲ್ಲಿ ಯಾವುದೋ ಮಿಷನ್ನು ಟಕಟಕ ಎನ್ನುತ್ತದೆ. ಕಟ್ಟಕಡೆಯ ಹಾಡಿನಲ್ಲಿ ಉಳಿದವನು ಆ ಮೂಗಿನ ದನಿಯ ಮನುಷ್ಯನೊಬ್ಬನೇ. ಶ್ರುತಿ ತಪ್ಪಿದ ಗಿಟಾರು, ನಡುವೆ ಒಂದು ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ನಡುಗುವ ಕಂಠ.

ಅವರ ಬಾಳೆಲ್ಲ ನನಗೆ ತಿಳಿದುಹೋಯಿತು ಎಂದುಕೊಂಡೆ. ಹೆಂಗಸಿಗೆ ಬೇರೆ ಸಂಸಾರವಾಗಿರಬೇಕು. ತುತ್ತೂರಿಯವನಿಗೆ ಎದೆನೋವು. ಡ್ರಮ್ಮಿನವನು ಜಗಳಗಂಟ, ಅವನು ಹೋದದ್ದೇ ಒಳ್ಳೆಯದಾಯಿತು. ಉಳಿದ ಮುದುಕ ಖಾಲಿ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು, ಯಾರಿಲ್ಲದಿದ್ದರೂ ಹಾಡುತ್ತಿದ್ದಾನೆ. ಅವನು ಯಾವ ದೇಶದವನೋ, ನನಗೆ ಬಂಧುವಾದ. ರಾತ್ರಿಯೂಟಕ್ಕೆ ಕೂತಾಗ ಅವನ ಹಾಡನ್ನೇ ಹಾಕಿಕೊಳ್ಳುತ್ತಿದ್ದೆ. ಅವನ ಕೆಮ್ಮು ಬರುವ ಹೊತ್ತಿಗೆ ನನ್ನ ಮಜ್ಜಿಗೆ ಅನ್ನ ಬರುತ್ತಿತ್ತು. ಭಾನುವಾರ ತಮ್ಮ ಕೇಳಿದಾಗ "ಗುಂಡ್ಕಲ್ಲಂಗಿವ್ನಿ" ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ. ಆ ಮುದುಕನ ಕೈಲಾದದ್ದು ನನ್ನ ಕೈಲಾಗದೇ?

ಮಳೆ ಹಿಂದೆಗೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಹುಡುಗಿ ನಿಜವಾಗಿಯೂ ಬಂದಳು. ಅಂಗಡಿಯೊಳಗೆ ಹಾಡು ನಡೆಯುತ್ತಿತ್ತು. ಅವಳು ಬಾಗಿಲಲ್ಲೇ ನಿಂತು ಬಾಯಿ ಬಿಟ್ಟಳು.

"ಆಂಟಿ! ನೀವು ಇದನ್ನ ಕೇಳ್ತೀರಾ? ಇದು ಆಲ್ಟರ್ನೇಟಿವ್ ರಾಕು!"

"ಅದೇನ್ ರಾಕೋ. ಪಾಪ, ಎಲ್ರೂ ಬುಟ್ಟೋಗಿ ಕೊನೀಗೆ ಒಬ್ನೇ ಉಳ್ಕೊಂಡ್ನಲ್ಲ, ಅವ್ನು ಇನ್ನೂ ಬದ್ಕವ್ನಾ?"

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆಂಟಿ, ಇದು ಉಲ್ಟಾ! ಇಷ್ಟು ವರ್ಷ ಮಾಡಿದ್ರಲ್ಲಿ ಒಳ್ಳೇದನ್ನ ಆರಿಸಿ, ಹೊಸದನ್ನ ಮೊದ್ಲು ಇಟ್ಟಿದ್ದಾರೆ. ಹಿಂದಿಂದಕ್ಕೆ ಹೋಗುತ್ತೆ. ಕೊನೇದು ಅವನು ಕಾಲೇಜಲ್ಲಿದ್ದಾಗ ರೂಮಲ್ಲಿ ಕೂತು ಹಾಡಿದ್ದು. ಆಗಿನ್ನೂ ಬ್ಯಾಂಡೇ ಇರ್ಲಿಲ್ಲ."

"ಹಳೇದ್ನ ಹಿಂದಿಕ್ಕುದ್ರೆ ಕೊಳ್ತೋಗಲ್ವಾ?"

"ಹಾಡು ಕೊಳೆಯಲ್ಲ ಆಂಟಿ."

ಮೊಬೈಲಿನಲ್ಲಿ ಈಚಿನ ಫೋಟೋ ತೋರಿಸಿದಳು. ಎಲ್ಲರೂ ಇದ್ದಾರೆ. ಬೋಳು ತಲೆ, ಬೊಜ್ಜು, ತುತ್ತೂರಿ, ಆ ಹೆಂಗಸು. ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ. ನಡುವೆ ನನ್ನ ಮುದುಕ. ಮುದುಕನೂ ಅಲ್ಲ, ನನಗಿಂತ ಚಿಕ್ಕವನು. ಆ ನಡುಗುವ ಕಂಠ ವಯಸ್ಸಿನದ್ದಲ್ಲ, ಹುಡುಗನೊಬ್ಬನ ಅಂಜಿಕೆಯದು.

ಸಂತೋಷವಾಗಬೇಕಿತ್ತು, ಆಯಿತು ಕೂಡ. ಯಾರೂ ಸತ್ತಿಲ್ಲ, ಯಾರೂ ಯಾರನ್ನೂ ಬಿಟ್ಟು ಹೋಗಿಲ್ಲ. ಆದರೆ ಹುಡುಗಿಗೆ ಟೀ ಕುಡಿಸಿ, ಪೆಟ್ಟಿಗೆಯ ಜೊತೆ ಬಸ್ಸು ಹತ್ತಿಸಿ ಬಂದ ಮೇಲೆ ಅಂಗಡಿಯೊಳಗೆ ಕಾಲಿಡಲು ಆಗಲಿಲ್ಲ. ಹೊರಗೆ ಆಲೂಗಡ್ಡೆ ಮೂಟೆಯ ಮೇಲೆ ಕೂತುಬಿಟ್ಟೆ. ಅವನು ಒಬ್ಬನೇ ಇದ್ದದ್ದು ಯಾರೂ ಬರುವುದಕ್ಕೆ ಮೊದಲು. ನಾನು ಒಬ್ಬಳೇ ಇರುವುದು ಎಲ್ಲರೂ ಹೋದ ಮೇಲೆ. ಇಷ್ಟು ದಿನ ಒಂದೇ ಎಂದುಕೊಂಡಿದ್ದೆ. ಅಕ್ಕ ಸತ್ತ ದಿನಕ್ಕಿಂತ ಹೆಚ್ಚು ಒಂಟಿಯೆನಿಸಿತು ಆಗ. ಆ ದಿನ ಮನೆ ತುಂಬ ಜನರಾದರೂ ಇದ್ದರು.

ಸಂಜೆ ತಮ್ಮನ ಫೋನು ಬಂತು.

"ಎಂಗಿದ್ದೀಯ ಚಿಕ್ಕಕ್ಕಾ?"

ಮಾಮೂಲಿ ಉತ್ತರ ಬಾಯಿಗೆ ಬಂತು, ಹೊರಗೆ ಬರಲಿಲ್ಲ.

"ಬೇಜಾರು ಕಣೋ" ಅಂದೆ. "ಶಾನೆ ಬೇಜಾರು. ಒಬ್ಳೇ ಕೂತು ಉಣ್ಣೋಕಾಯ್ತಾ ಇಲ್ಲ."

ಅವನ ಮನೆಯಲ್ಲಿ ಟಿವಿಯ ಸದ್ದು ಕೇಳುತ್ತಿತ್ತು. ಅದು ಥಟ್ಟನೆ ನಿಂತಿತು. ಅವನು ಮೂಗು ಎಳೆದುಕೊಂಡದ್ದು ಕೇಳಿಸಿತು.

"ನಾಳೆ ಮೊದ್ಲ್ನೇ ಬಸ್ಸಿಗೆ ಬರ್ಲಾ?" ಅಂದ.

"ಬಾ" ಅಂದೆ.