ಕರೆಂಟ್ ಕೊಡದ ಬಸಣ್ಣ

ಫೋನ್ ರಿಂಗಾದ ಕೂಡಲೇ ಬಸಣ್ಣನವರು ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸುತ್ತಿದ್ದರು. "ಕಿವಿ ಕೇಳೂಕಿಂತ ಮೊದ್ಲ ಕೈ ಓಡ್ತೈತಿ ತಂಗಿ, ಅದನ್ನ ಕಟ್ಟಿ ಹಾಕಬೇಕು" ಎನ್ನುವರು. ನನಗೆ ನಗು ಬರುತ್ತಿತ್ತು. ಸಿರುಗುಪ್ಪದ ಹತ್ತಿರದ ವಿದ್ಯುತ್ ಕೇಂದ್ರದಲ್ಲಿ ಅವರು ಹಿರಿಯ ಆಪರೇಟರ್. ನಾನು ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೊಸಬಳು.

ಒಂದು ಮೇ ತಿಂಗಳ ಗಾಳಿಮಳೆಗೆ ತಾಲ್ಲೂಕಿಗೆ ತಾಲ್ಲೂಕೇ ಕರೆಂಟ್ ಕಳೆದುಕೊಂಡಿತು. ಮರುದಿನ ಮಧ್ಯಾಹ್ನ ನಮ್ಮ ಕೇಂದ್ರಕ್ಕೆ ಸಪ್ಲೈ ಬಂತು. ನಾನಾಗಿದ್ದರೆ ಎಲ್ಲ ಲೈನುಗಳನ್ನೂ ಒಮ್ಮೆಲೇ ಹಾಕಿಬಿಡುತ್ತಿದ್ದೆ. ಬಸಣ್ಣನವರು ಮೊದಲು ಆಸ್ಪತ್ರೆಯ ಲೈನ್ ಹಾಕಿ, ಮೀಟರಿನ ಮುಳ್ಳು ನಿಲ್ಲುವವರೆಗೆ ಕಾದರು. ಆಮೇಲೆ ಕುಡಿಯುವ ನೀರಿನದು, ಆಮೇಲೆ ಒಂದೊಂದೇ ಊರು. "ಹಸಿದವರೆಲ್ಲ ಒಂದ ಸಲ ಪಂಕ್ತಿಗೆ ನುಗ್ಗಿದ್ರ ಎಲಿ ಹರೀತಾವ. ಕೂಲರು, ಮೋಟ್ರು ಎಲ್ಲಾ ಒಮ್ಮೆ ಎಳದ್ರ ಮತ್ತ ಎಲ್ಲಾ ಬಂದ್."

ಹಚ್ಚೊಳ್ಳಿಯದೊಂದು ಉಳಿಯಿತು. ಅದು ಅವರ ಸ್ವಂತ ಊರು. ಅಲ್ಲಿ ಲೈನ್‌ಮನ್ ಖಾಜಾ ಎಲ್‌ಸಿ ತೆಗೆದುಕೊಂಡು, ಅಂದರೆ ಲೈನ್ ಬಂದ್ ಮಾಡಿಸಿಕೊಂಡು, ಕಂಬ ಹತ್ತಿದ್ದ. ತೆಗೆದುಕೊಂಡವನೇ ಇಳಿದು ವಾಪಸ್ ಕೊಡಬೇಕು, ಅದು ನಮ್ಮ ಕಟ್ಟಳೆ. ಊರಿನಿಂದ ಯಾರೋ ಫೋನ್ ಮಾಡಿದರು: "ಖಾಜಾ ಇಳದಾನ್ರಿ, ಕೊಡ್ರಿ." ನನ್ನ ಕೈ ಆಗಲೇ ಸ್ವಿಚ್ಚಿನ ಮೇಲಿತ್ತು. ಬಸಣ್ಣನವರು ಅದನ್ನು ಮೆಲ್ಲಗೆ ತೆಗೆದರು.

"ಖಾಜಾನ ಬಾಯಿಂದ ಬರ್ಲಿ."

ಖಾಜಾನ ಮೊಬೈಲ್ ಸತ್ತಿತ್ತು. ಊರವರು ಗೇಟಿಗೇ ಬಂದು ಬೈದರು: "ಸ್ವಂತ ಊರಿಗೆ ಕೊಡಾಕ ಹೊಟ್ಟಿಕಿಚ್ಚೇನಲೇ ಬಸ್ಯಾ?" ಮೇಲಿನ ಸಾಹೇಬರೂ ಫೋನಿನಲ್ಲಿ ಗದರಿದರು. ಬಸಣ್ಣನವರು ಚಹಾ ತರಿಸಿ ಕೂತರು.

ಮುಕ್ಕಾಲು ಗಂಟೆಯ ಮೇಲೆ ಖಾಜಾ ಟ್ರ್ಯಾಕ್ಟರಿನಲ್ಲಿ ಬಂದ, ಮೈಯೆಲ್ಲ ಕೆಸರು. ಒಂದು ಕಂಬ ಇಳಿದದ್ದು ನಿಜ. ಆದರೆ ಫೋನ್ ಬಂದ ಹೊತ್ತಿಗೆ ಮುಂದಿನ ಕಂಬ ಹತ್ತಿ ಬರಿಗೈಲಿ ತಂತಿ ಹಿಡಿದಿದ್ದನಂತೆ. ಬಸಣ್ಣನವರು ಪುಸ್ತಕದಲ್ಲಿ ಅವನ ಸಹಿ ಹಾಕಿಸಿಕೊಂಡು ಲೈನ್ ಕೊಟ್ಟರು. ನನ್ನ ಕೈ ಎಲ್ಲಿತ್ತೆಂದು ಅವನಿಗೆ ಹೇಳಲಿಲ್ಲ. ನಾನು ಹೊರಗೆ ಹೋಗಿ ಅತ್ತೆ.

ನಿವೃತ್ತರಾದ ಮೇಲೆ ಅವರು ಹಚ್ಚೊಳ್ಳಿಯಲ್ಲೇ ಇದ್ದರು. ಹೋದ ವರ್ಷ ಮತ್ತೆ ಅಂಥದೇ ಗಾಳಿಮಳೆ. ಆಪರೇಟರ್ ಕುರ್ಚಿಯಲ್ಲಿ ನಾನು, ಎಲ್‌ಸಿ ತೆಗೆದುಕೊಂಡು ಹಚ್ಚೊಳ್ಳಿಯ ಕಂಬ ಹತ್ತಿದವನು ಮತ್ತೆ ಖಾಜಾ. ಅವರದೇ ಫೋನ್ ಬಂತು: "ತಂಗಿ, ಖಾಜಾ ಇಳದಾನ, ನಾನ ಕಣ್ಣಾರೆ ನೋಡೀನಿ. ಕೊಡು."

ಕಲಿಸಿದವರಿಗೆ ಇಲ್ಲ ಎನ್ನುವುದು ಹೇಗೆ? "ನೀವು ಹೇಳಿದ್ರೂ ಕೊಡಂಗಿಲ್ರಿ ಬಸಣ್ಣಾರ. ಅವನ ಬಾಯಿಂದಾನ ಬರ್ಲಿ" ಎಂದೆ.

ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು. ಅವರ ದನಿ ನಾನು ಕೇಳಿದ್ದು ಆ ಫೋನಿನಲ್ಲೇ ಕೊನೆ. ನನ್ನ ಮಾತು ಕೇಳಿದವರು, ಫೋನ್ ಇಡುವುದನ್ನೂ ಮರೆತು, ಪಕ್ಕದಲ್ಲಿದ್ದವರಿಗೆ ಹೇಳುತ್ತಿದ್ದರು: "ಕೊಡಂಗಿಲ್ಲಂತ. ನಾ ಕಲಿಸಿದ ಹುಡುಗಿ ಅದು."