ಶನಿವಾರದ ಕೊನೆಯ ತಾಸು

ಇವತ್ತು ಮುಂಜಾನೆ ಹೆಂಡತಿ ಜೋಳದ ಚೀಲದ ಬಾಯಿಗೆ ಸೆಣಬಿನ ಹುರಿ ಸುತ್ತಿ, ಒಂದಿಷ್ಟು ಬಿಗಿಯಾಗಿ ಎಳೆಯಲು ಹೇಳಿದಳು. ಎಳೆದೆ. ಗಂಟು ಹಾಕುವಾಗ ಕೈ ನಿಂತಿತು. ಹುರಿ ಬಿಗಿಯುವಾಗಲೆಲ್ಲ ನನಗೆ ಫಕ್ಕೀರಪ್ಪ ನೆನಪಾಗುತ್ತಾನೆ.

ಫಕ್ಕೀರಪ್ಪ ನವಲಗುಂದ ತಾಲೂಕಿನ ನನ್ನ ಮೊದಲ ಹೈಸ್ಕೂಲಿನ ಸಿಪಾಯಿ. ಗಂಟೆ ಹೊಡೆಯುವುದು, ಗಿಡಕ್ಕೆ ನೀರು ಹಾಕುವುದು, ನನ್ನಂಥ ಹೊಸ ಮಾಸ್ತರರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ಎಲ್ಲ ಅವನದೇ. ನಾನು ವಿಜ್ಞಾನದ ಮಾಸ್ತರ. ಹಾವಿನ ವಿಷಗ್ರಂಥಿಯನ್ನು ಮೂರು ಬಣ್ಣದ ಸೀಮೆಸುಣ್ಣದಲ್ಲಿ ಬರೆದರೆ ಪಕ್ಕದ ವರ್ಗದವರೂ ಬಂದು ನೋಡುತ್ತಿದ್ದರು. ಆ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ಒಂದು ಮಧ್ಯಾಹ್ನ ಶಾಲೆಯ ಹಿಂದೆ ಕಸ ಕೀಳುತ್ತಿದ್ದಾಗ ಅವನ ಪಾದಕ್ಕೆ ಹಾವು ಕಚ್ಚಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹುರಿ ತರಿಸಿ ಮೊಣಕಾಲ ಕೆಳಗೆ ಕಟ್ಟಿದೆ, ಮೈಯ ಬಲವೆಲ್ಲ ಹಾಕಿ. ಗಾಡಿ ಸಿಕ್ಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಸುಗಳೇ ಕಳೆದಿದ್ದವು. ಫಕ್ಕೀರಪ್ಪ ಉಳಿದ. ಹುರಿಯ ಬಿಗಿಗೆ ರಕ್ತ ನಿಂತ ಆ ಕಾಲು ಉಳಿಯಲಿಲ್ಲ.

ಹೀಗೆ ಕಟ್ಟಿದವರು ಯಾರೆಂದು ನರ್ಸಬಾಯಿ ಕೇಳಿದರು. ನಾನೇ ಎಂದೆ. ಏನು ಕೆಲಸ ಮಾಡುತ್ತೀರಿ ಎಂದಾಗ ಶಾಲೆಯಲ್ಲಿದ್ದೇನೆ ಎಂದಷ್ಟೇ ಅಂದೆ. ಫಕ್ಕೀರಪ್ಪ ಮಾತ್ರ ನನ್ನನ್ನು ಒಂದು ದಿನವೂ ಬೈಯಲಿಲ್ಲ.

‘ನಿಮಗರ ಇದನ್ನ ಯಾರ ಕಲಿಸ್ಯಾರ್ರೀ ಸರ,’ ಎಂದ, ನನ್ನನ್ನೇ ಸಮಾಧಾನ ಮಾಡುವವನ ಹಾಗೆ.

ಬೈದಿದ್ದರೆ ಹಗುರಾಗುತ್ತಿದ್ದೆ.

ಅದೇ ನರ್ಸಬಾಯಿಯ ಹತ್ತಿರ ಎಷ್ಟೋ ಭಾನುವಾರ ಹೋಗಿ ಪ್ರಥಮ ಚಿಕಿತ್ಸೆ ಕಲಿತೆ. ಮಿಶ್ರಿಕೋಟಿ ಕಡೆ ವರ್ಗವಾದ ಮೇಲೆ ಶನಿವಾರದ ಕೊನೆಯ ತಾಸನ್ನು ಬೇಡಿ ಪಡೆದೆ. ಸುಟ್ಟ ಗಾಯಕ್ಕೆ ಏನು ಮಾಡಬೇಕು, ಡಾಕ್ಟರರನ್ನು ಹೆದರದೆ ಏನೇನು ಕೇಳಬೇಕು, ಬೇಡವಾದದ್ದಕ್ಕೆ ಬೇಡ ಎನ್ನುವುದು ಹೇಗೆ, ಇಂಥವೇ ಪಾಠಗಳು. ಗಂಡುಹುಡುಗರಿಗೆ ರೊಟ್ಟಿ ಬಡಿಯಲು ಹಚ್ಚಿದ ದಿನ ಎಲ್ಲರಿಗಿಂತ ಮೊದಲು ಹರಿದದ್ದು ನನ್ನ ರೊಟ್ಟಿ. ಹುಡುಗಿಯರು ಒಂದು ವಾರ ನಕ್ಕರು. ವರ್ಷಕ್ಕೊಮ್ಮೆ ಆ ತಾಸನ್ನು ಯಾರಾದರೂ ಕಸಿದುಕೊಳ್ಳುವರು. ನಾನು ಕೈಮುಗಿದು ಮತ್ತೆ ಇಸಿದುಕೊಳ್ಳುವೆ.

ರೇಣುಕಾ ಎಂಬ ಒಂಬತ್ತನೇ ವರ್ಗದ ಹುಡುಗಿ ಆ ತಾಸಿನಲ್ಲಿ ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಹೋದ ವರ್ಷ ಭತ್ತದ ಗದ್ದೆಯಲ್ಲಿ ಅವಳ ತಾಯಿಗೆ ಹಾವು ಕಚ್ಚಿತು. ಕಟ್ಟಬೇಕು ಎನ್ನುವವರು, ಮಂತ್ರ ಹಾಕುವವನ ಹತ್ತಿರ ಒಯ್ಯಬೇಕು ಎನ್ನುವವರು ಸುತ್ತ ನೆರೆದರು. ಹುಡುಗಿ ತಾಯಿಯನ್ನು ಒಂದು ಹೆಜ್ಜೆಯೂ ನಡೆಯಗೊಡಲಿಲ್ಲ. ಅಣ್ಣನನ್ನು ಗಾಡಿ ತರಲು ಓಡಿಸಿದಳು. ಕಾಲು ಅಲುಗದಂತೆ ಕೋಲು ಕೊಟ್ಟು ಬಟ್ಟೆಯಿಂದ ಸಡಿಲವಾಗಿ ಸುತ್ತಿದಳು. ಆಮೇಲೆ ಕೂತು ಕಾಲುಂಗುರಗಳನ್ನು ಬಿಚ್ಚತೊಡಗಿದಳು. ಬಾವು ಏರಿದರೆ ಅವೇ ಬೆರಳನ್ನು ಬಿಗಿಯುತ್ತವೆ ಎಂದು ನಾನು ಹೇಳಿದ್ದೆ. ಆಗ ಅವಳ ಕಾಕಿ ಕೈ ಹಿಡಿದಳು.

‘ನಿಮ್ಮಪ್ಪ ಜೀವಂತ ಅದಾನ. ಕಾಲುಂಗರ ತಗೀತಿಯೇನ?’

‘ಅಪ್ಪ ಅದಾನ ಕಾಕಿ. ಅವ್ವನೂ ಇರಬೇಕಲ್ಲ.’

ತನ್ನ ಕೈ ತಾನೇ ಸಡಿಲಾಯಿತು ಎಂದು ಆ ಕಾಕಿಯೇ ನನಗೆ ಹೇಳಿದ್ದು. ಸರಕಾರಿ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದ ತಾಯಿ ನಡೆದುಕೊಂಡೇ ಮನೆಗೆ ಬಂದಳು.

ಈ ಜೂನಿನಲ್ಲಿ ಹೊಸದಾಗಿ ಬಂದ ಹೆಡ್‌ಮಾಸ್ತರರು ಆ ತಾಸನ್ನು ಗಣಿತಕ್ಕೆ ಕೊಟ್ಟರು. ಕೆಟ್ಟವರಲ್ಲ, ಹತ್ತನೇ ವರ್ಗದ ಫಲಿತಾಂಶದ ಚಿಂತೆ ಅವರಿಗೆ. ನನ್ನ ಪಾಠಕ್ಕೆ ಪರೀಕ್ಷೆ ಇಲ್ಲವಲ್ಲ ಎಂದರು. ಈ ಸಲ ನಾನು ಕೈಮುಗಿಯಲಿಲ್ಲ.

‘ಪರೀಕ್ಷಾ ಐತ್ರಿ ಸರ. ನಾನು ಅದರಾಗ ನಾಪಾಸ ಆದಾಂವ.’

ಕುರ್ಚಿ ಎಳೆದು ಕೂತು, ಆ ಊರು ಬಿಟ್ಟ ಮೇಲೆ ಯಾವ ಶಾಲೆಯಲ್ಲೂ ಹೇಳದೆ ಇಟ್ಟುಕೊಂಡಿದ್ದ ಫಕ್ಕೀರಪ್ಪನ ಸಂಗತಿಯನ್ನು ಒಂದೂ ಬಿಡದೆ ಹೇಳಿದೆ. ಅವರು ವೇಳಾಪತ್ರಿಕೆಯನ್ನು ನನ್ನ ಕಡೆ ತಳ್ಳಿದರು. ಎಂಟು, ಒಂಬತ್ತು, ಹತ್ತು, ಮೂರೂ ವರ್ಗವನ್ನು ಕೂಡಿಸಿ ಆ ತಾಸನ್ನು ಬರೆದುಕೊಂಡೆ.

ಇವತ್ತು ಮೊದಲ ಶನಿವಾರ. ಕರೆಂಟು ಹಿಡಿದವರನ್ನು ಮುಟ್ಟದೆ ಬಿಡಿಸುವುದು ಹೇಗೆ ಎಂಬುದೇ ಪಾಠ. ಹೆಡ್‌ಮಾಸ್ತರರು ತಾವೂ ಬಂದು ಹಿಂದಿನ ಬೆಂಚಿನಲ್ಲಿ ಕೂಡುವುದಾಗಿ ಹೇಳಿದ್ದಾರೆ. ಬರಲಿ. ಅವರಿಗೂ ಗೊತ್ತಿಲ್ಲವಂತೆ.